ಎಂಟು ಹತ್ತರ ಟೆಸ್ಟ್ ಕಾಲ್

ಫೆಬ್ರವರಿ 12, 2024, ಸೋಮವಾರ. ಸ್ಯಾನ್ ಡಿಯೇಗೊ

8:10ಕ್ಕೆ ಮಾವನ ಫೋನ್. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ.

"ಅಳಿಯಂದ್ರ, ಲೈನ್ ಕ್ಲಿಯರ್ ಐತಿ?"

"ಕ್ಲಿಯರ್ ಇದೆ ಮಾವ."

"ನಮ್ಮ ಕಡೆನೂ ಕ್ಲಿಯರ್. ಇಡ್ರಿ."

ಅಷ್ಟೇ. ಮಾವ ಬಸವಲಿಂಗಪ್ಪನವರು ಮೂವತ್ತೊಂದು ವರ್ಷ ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಸ್ಟ್ ಡೆಸ್ಕಿನ ಮುಂದೆ ಕೂತವರು. ದಿನಾ ಬೆಳಗ್ಗೆ ಒಂದೊಂದೇ ಲೈನಿಗೆ ರಿಂಗ್ ಕೊಟ್ಟು, ಸರಿಯಿದೆಯೋ ಇಲ್ಲವೋ ಪುಸ್ತಕದಲ್ಲಿ ಬರೆಯುವುದು ಕೆಲಸ. ರಿಟೈರ್ ಆಗಿ ಹದಿನೇಳು ವರ್ಷ. ಈಗ ಪೋರ್ಟರ್ ರ್ಯಾಂಚಿನ ನಮ್ಮ ಮನೆಯಲ್ಲಿದ್ದಾರೆ. ಟೆಸ್ಟ್ ಮಾಡಲು ಉಳಿದಿರುವ ಲೈನು ನಾನೊಬ್ಬನೇ. ಹೆಂಡತಿ ರೇಖಾ ಎಂಟಕ್ಕೆ ನಾರ್ತ್‌ರಿಜ್‌ನ ಫಾರ್ಮಸಿಗೆ ಹೊರಡುತ್ತಾಳೆ. ಎಂಟು ಹತ್ತಕ್ಕೆ ಇವರ ಡ್ಯೂಟಿ ಶುರು. ಷರ್ಟಿನ ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ಕು, ಅದರಲ್ಲಿ ದಿನಕ್ಕೊಂದು ಸಾಲು.

ಕೋವಿಡ್ ಕಾಲದಲ್ಲಿ ಮನೆಯ ಗ್ಯಾರೇಜೇ ನನ್ನ ಆಫೀಸಾಗಿತ್ತು. ಹೋದ ವರ್ಷ ಆಫೀಸಿಗೆ ವಾಪಸ್ ಕರೆದರು. ವಾರವೆಲ್ಲ ಇಲ್ಲಿ ಬಾಡಿಗೆ ರೂಮು, ಶುಕ್ರವಾರ ಸಂಜೆ ಮೂರು ಗಂಟೆ ಹೊತ್ತು ಡ್ರೈವ್ ಮಾಡಿ ಮನೆ.

ಕೆಲಸ — ಫೋನಿನೊಳಗಿನ ಚಿಪ್ಪನ್ನು ಮಲಗಿಸುವುದು, ಎಬ್ಬಿಸುವುದು. ಹತ್ತೊಂಬತ್ತು ವರ್ಷದಿಂದ ಇದೇ. ಪರದೆಯ ಮೇಲೆ ಕಾಣುವ ಯಾವುದೂ ನನ್ನದಲ್ಲ. ಬ್ಯಾಟರಿ ಸಂಜೆಯವರೆಗೆ ಬಂದರೆ ಯಾರೂ ನನ್ನನ್ನು ನೆನೆಯುವುದಿಲ್ಲ, ಬಾರದಿದ್ದರೆ ಎಲ್ಲರೂ ನೆನೆಯುತ್ತಾರೆ.

ಫೆಬ್ರವರಿ 15, ಗುರುವಾರ

8:10 ಆಯಿತು. 8:30 ಆಯಿತು. ಕಾಲ್ ಇಲ್ಲ. ನಾನೇ ಮಾಡಿದೆ.

"ಎರಡು ಸಲ ಮಾಡೀನಲ್ರಿ. ಉತ್ತರ ಇಲ್ಲ. ಬರಕೊಂಡೀನಿ."

"ಇಲ್ಲಿ ರಿಂಗೇ ಆಗಿಲ್ಲ ಮಾವ. ಬೇರೆ ಯಾವ್ದೋ ನಂಬರ್ ಒತ್ತಿರ್ತೀರಿ."

"ನಾ ನಂಬರ್ ತಪ್ಪಂಗಿಲ್ರೀ." ಸ್ವರ ಗಟ್ಟಿಯಾಯಿತು.

ಎಪ್ಪತ್ತೇಳು ವರ್ಷ. ಮರೆವು ಅಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು.

ಯಾಕೆಂದರೆ ಮರೆವಲ್ಲದಿದ್ದರೆ ತಪ್ಪು ನನ್ನದು. ಮೂರು ವಾರದಿಂದ ನನ್ನ ಹೆಸರಲ್ಲಿ ಒಂದು ಬಗ್, ಅಂದರೆ ಕೋಡಿನ ದೋಷ, ಇದೆ. ಹೊಸ ಚಿಪ್ಪಿರುವ ಫೋನುಗಳಲ್ಲಿ ಹತ್ತು ಸಾವಿರಕ್ಕೆ ಮೂರು ಕಾಲ್ ರಿಂಗ್ ಆಗುವುದಿಲ್ಲ ಅಂತ ಟೆಸ್ಟ್ ಲ್ಯಾಬಿನವರು ಹಾಕಿದ್ದು. ಅದೇ ಚಿಪ್ಪಿನ ಫೋನು ನನ್ನ ಜೇಬಿನಲ್ಲೂ ಇದೆ. ನಾವು ಮಾಡಿದ್ದನ್ನು ಮೊದಲು ನಾವೇ ಬಳಸಬೇಕು, ಅದು ಕಂಪನಿಯ ಪದ್ಧತಿ.

ಮಲಗಿದ ಚಿಪ್ಪು ಪೂರ್ತಿ ಮಲಗುವುದಿಲ್ಲ. ಸೆಕೆಂಡಿಗೊಮ್ಮೆ ಒಂದು ಕಣ್ಣು ತೆರೆದು, ಯಾರಾದರೂ ಕರೆದರಾ ಎಂದು ನೋಡಿ ಮುಚ್ಚುತ್ತದೆ, ಗೇಟಿನ ವಾಚ್‌ಮನ್ ಹಾಗೆ. ಕಣ್ಣು ತೆರೆಯುವುದು ಚೂರು ತಡವಾದರೆ ಕರೆದವರು ಹೋಗಿಬಿಟ್ಟಿರುತ್ತಾರೆ. ಮಿಸ್ಡ್ ಕಾಲ್ ಅಂತ ಕೂಡ ತೋರಿಸುವುದಿಲ್ಲ. ಫೋನಿನ ಮಟ್ಟಿಗೆ ಯಾರೂ ಕರೆದೇ ಇಲ್ಲ.

ಮಾವನಿಗೆ ಇದನ್ನೆಲ್ಲ ಹೇಳಲಿಲ್ಲ.

ಫೆಬ್ರವರಿ 24, ಶನಿವಾರ. ಪೋರ್ಟರ್ ರ್ಯಾಂಚ್

ಬೆಳಗ್ಗೆಯಿಂದ ಗ್ಯಾರೇಜಿನಲ್ಲಿ. ಫೋನಿಗೆ ಕೇಬಲ್ ಹಾಕಿ, ಲ್ಯಾಪ್‌ಟಾಪಿನಿಂದ ಕಾಲ್ ಮೇಲೆ ಕಾಲ್. ಸಾವಿರದ ಇನ್ನೂರು. ಒಂದೂ ತಪ್ಪಲಿಲ್ಲ.

ಮಾವ ಸ್ಟೂಲು ಎಳೆದುಕೊಂಡು ಕೂತರು. 2020ರಲ್ಲೂ ಹೀಗೇ ಕೂರುತ್ತಿದ್ದರು, ಮಾಸ್ಕ್ ಹಾಕಿಕೊಂಡು, ಆರಡಿ ದೂರದಲ್ಲಿ. ಬಹಳ ಹೊತ್ತು ನೋಡಿ ಏನು ಅಂತ ಕೇಳಿದರು; ಚಿಪ್ಪು ಮಲಗಿದಾಗ ಕೆಲವು ಕಾಲ್ ತಪ್ಪುತ್ತವೆ ಅಂದೆ.

"ಅಲ್ರೀ, ಅದು ಮಲಗಿದಾಗ ತಪ್ಪತೈತಿ ಅಂತೀರಿ. ನೀವು ವೈರ್ ಹಚ್ಚಿ ಕುಂತೀರಿ. ವೈರ್ ಹಚ್ಚಿದ್ರ ಅದು ಹೆಂಗ ಮಲಗತೈತಿ?"

ನಕ್ಕೆ. "ಇದು ನಿಮ್ಮ ಎಕ್ಸ್‌ಚೇಂಜ್ ಥರ ಅಲ್ಲ ಮಾವ. ವೈರ್‌ಗೂ ನಿದ್ದೆಗೂ ಸಂಬಂಧ ಇಲ್ಲ."

"ಹೌದೇನು? ನಮ್ಮಲ್ಲಿ ಟೆಸ್ಟ್ ಹಚ್ಚಿದ ಕೂಡ್ಲೇ ಫಾಲ್ಟ್ ಮಾಯ ಆಗ್ತಿತ್ತಪಾ. ತಗದ್ರ ಮತ್ತ ಬರ್ತಿತ್ತು." ಎದ್ದು ಒಳಗೆ ಹೋದರು.

ರೇಖಾ ಮಧ್ಯಾಹ್ನ ಮತ್ತೆ 911ರ ಮಾತು ತೆಗೆದಳು, ತುರ್ತಿಗೆ ಪೊಲೀಸ್, ಆಂಬುಲೆನ್ಸ್ ಕರೆಯುವ ಇಲ್ಲಿನ ನಂಬರು. ಅಪ್ಪನಿಗೆ ಅದನ್ನು ಸರಿಯಾಗಿ ಕಲಿಸು ಅಂತ. ಹೋದ ನವೆಂಬರಿನಲ್ಲಿ ಮಾವ ಗೊತ್ತಿಲ್ಲದೆ 911 ಒತ್ತಿ, ಏನು ಮಾತಾಡುವುದು ತಿಳಿಯದೆ ಇಟ್ಟುಬಿಟ್ಟಿದ್ದರು. ಹತ್ತು ನಿಮಿಷದಲ್ಲಿ ಇಬ್ಬರು ಪೊಲೀಸರು ಬಾಗಿಲಲ್ಲಿ. ಬೀದಿಯವರೆಲ್ಲ ನೋಡುವಾಗ ಕೈಮುಗಿದು ನಿಂತಿದ್ದರಂತೆ. ಆಮೇಲೆ ಎರಡು ದಿನ ವಾಕಿಂಗ್ ಹೋಗಲಿಲ್ಲ. ಅದಕ್ಕೇ ಅವರ ಫೋನಿನಲ್ಲಿ ಒಂದನೇ ಬಟನ್ ಒತ್ತಿದರೆ ನನಗೆ ಬರುವ ಹಾಗೆ ಮಾಡಿಕೊಟ್ಟಿದ್ದೇನೆ. ರೇಖಾಳ ಫೋನು ಡ್ಯೂಟಿಯಲ್ಲಿ ಲಾಕರಿನೊಳಗೆ ಇರುತ್ತದೆ.

ಇವತ್ತೂ ಅದನ್ನೇ ಹೇಳಿದೆ. "ಏನೇ ಆದ್ರೂ ಮೊದ್ಲು ನಂಗೆ ಮಾಡಿ ಮಾವ. 911 ಎಲ್ಲಾ ನಾನು ನೋಡ್ಕೋತೀನಿ."

"ಅದ ಛಲೋ," ಅಂದರು. ಮುಖ ನಿರಾಳವಾಯಿತು.

ಮಾರ್ಚ್ 6, ಬುಧವಾರ. ಸ್ಯಾನ್ ಡಿಯೇಗೊ

ಲ್ಯಾಬಿನಲ್ಲಿ ಕೇಬಲ್ ಮೇಲೆ ಹನ್ನೊಂದು ಸಾವಿರ ಕಾಲ್. ಸೊನ್ನೆ.

ಮ್ಯಾನೇಜರ್ ಸಂದೀಪ್ ಕಾಫಿ ಹಿಡಿದು ಡೆಸ್ಕಿಗೇ ಬಂದ. ಶಿವಮೊಗ್ಗದವನು, ನನಗಿಂತ ಆರು ವರ್ಷ ಚಿಕ್ಕವನು, ಕೆಟ್ಟವನಲ್ಲ.

"ಜಯಂತ್, ಶುಕ್ರವಾರ ಕೋಡ್ ಕಸ್ಟಮರ್‌ಗೆ ಹೋಗ್ಬೇಕು. ಓಪನ್ ಇರೋ ಬಗ್ ನಿಂದೊಂದೇ."

"ಮೂರು ಸಲ ಆಗಿದೆ ಅಂತಾರೆ ಲ್ಯಾಬ್‌ನವ್ರು."

"ನಿಂಗೆ ಆಗಿದ್ಯಾ?"

ಮಾವನ ನೋಟ್‌ಬುಕ್ಕು ನೆನಪಾಯಿತು. ಬಾಯಿಗೆ ಬಂದಿತ್ತು. ಎಪ್ಪತ್ತೇಳು ವರ್ಷದ ಮಾವ ಜೇಬಿನ ಪುಸ್ತಕದಲ್ಲಿ ಬರೆದಿದ್ದಾರೆ ಅಂತ ಹೇಳುವುದಕ್ಕೆ ನಾಚಿಕೆಯಾಯಿತು.

"ಇಲ್ಲ," ಅಂದೆ.

ಮಾರ್ಚ್ 8, ಶುಕ್ರವಾರ

ಬಗ್ ಕ್ಲೋಸ್ ಮಾಡಿದೆ. ಕಾರಣ ಅಂತ ಒಂದು ಮೆನು ಬರುತ್ತದೆ. "ಮತ್ತೆ ಕಾಣಿಸಲಿಲ್ಲ" ಅನ್ನುವುದನ್ನು ಆರಿಸಿದೆ. ಕೆಳಗೆ ನನ್ನ ಹೆಸರು, ಟೈಮು.

ಬೇಗ ಹೊರಟೆ. 405 ಹೈವೇ ಖಾಲಿ ಇತ್ತು. ಖುಷಿಯಾಗಿದ್ದೆ, ಸುಳ್ಳು ಯಾಕೆ ಬರೆಯಲಿ.

ಮಾರ್ಚ್ 12, ಮಂಗಳವಾರ

ಬೆಳಗ್ಗೆ ಮತ್ತೆ ಕಾಲ್ ಬರಲಿಲ್ಲ. ಸಂಜೆ ಮಾವ: "ಇವತ್ತೂ ಉತ್ತರ ಇಲ್ರಿ. ಜನವರಿಯಿಂದ ಎಂಟನೇದು."

"ನೋಡ್ತೀನಿ ಮಾವ."

ನೋಡಲಿಲ್ಲ. ಮುಂದಿನ ಚಿಪ್ಪಿನ ಕೆಲಸ ಶುರುವಾಗಿದೆ.

ಏಪ್ರಿಲ್ 14, ಭಾನುವಾರ. ಪೋರ್ಟರ್ ರ್ಯಾಂಚ್

ಬರೆಯಬೇಕು. ಬರೆಯದೆ ಐದು ದಿನ.

9ನೇ ತಾರೀಕು ಮಂಗಳವಾರ ಯುಗಾದಿ. ಕನ್ನಡ ಸಂಘದ ಹಬ್ಬ ಹೇಗೂ ಶನಿವಾರವೇ, ರಜೆ ಹಾಕಲಿಲ್ಲ. 8:10ಕ್ಕೆ ಮಾವನ ಕಾಲ್ ಸರಿಯಾಗಿ ಬಂತು. "ಲೈನ್ ಕ್ಲಿಯರ್ ಐತಿ? ರೇಖಾ ಹೋಳಿಗಿ ಮಾಡಿಟ್ಟಾಳ, ನಿಮ್ಮ ಪಾಲಿನದು ಫ್ರಿಜ್‌ನ್ಯಾಗ—" ಮೀಟಿಂಗಿಗೆ ಹೊರಟಿದ್ದೆ. "ಕ್ಲಿಯರ್ ಮಾವ, ಆಮೇಲೆ ಮಾಡ್ತೀನಿ," ಅಂತ ಇಟ್ಟೆ. ಹನ್ನೊಂದು ಸೆಕೆಂಡು. ಹಬ್ಬದ ದಿನ ಹನ್ನೊಂದು ಸೆಕೆಂಡು.

ಒಂಬತ್ತರಿಂದ ಮೀಟಿಂಗ್. ಫೋನು ಮೇಜಿನ ಮೇಲೆ ಬೋರಲು. 10:45ರವರೆಗೆ ಮುಟ್ಟಲಿಲ್ಲ. ಮುಟ್ಟಿದಾಗ ಪರದೆ ಖಾಲಿ. 10:50ಕ್ಕೆ ರೇಖಾಳ ಕಾಲ್ ಬಂತು. ಮೊದಲ ರಿಂಗಿಗೇ ಎತ್ತಿದೆ.

ಬ್ರೇಕಿನಲ್ಲಿ ಮನೆಗೆ ಮಾಡಿದಳಂತೆ, ಎತ್ತಲಿಲ್ಲ ಅಂತ ಓಡಿ ಬಂದಿದ್ದಾಳೆ. ಮಾವ ಅಡುಗೆಮನೆಯ ನೆಲದ ಮೇಲೆ. ಎದೆನೋವು. ಆಂಬುಲೆನ್ಸಿನಲ್ಲಿ ಕೂತೇ ಕಿರುಚುತ್ತಿದ್ದಳು. "ಅಪ್ಪ ನಿನಗ ಐದು ಸಲ ಮಾಡ್ಯಾರ! ಐದು ಸಲ! ಎಲ್ಲಿದ್ದಿ ನೀ?"

ನಾನು ಆಸ್ಪತ್ರೆ ಮುಟ್ಟಿದ್ದು 2:09. ಮಾವ ಹೋದದ್ದು 2:05.

ಕೊನೆಯವರೆಗೂ ಎಚ್ಚರ ಇತ್ತಂತೆ. "ಜಯಂತರ ಲೈನ್ ಸಿಕ್ತೇನು?" ಅಂತ ಎರಡು ಸಲ ಕೇಳಿದರಂತೆ. ಬರುತ್ತಿದ್ದಾನೆ, ಇನ್ನೇನು ಬಂದೇಬಿಟ್ಟ ಅಂತ ರೇಖಾ ಹೇಳುತ್ತಲೇ ಇದ್ದಳಂತೆ. ಬಾಗಿಲ ಕಡೆ ನೋಡುತ್ತಿದ್ದರು ಅಂದಳು. ಅದನ್ನು ಒಂದೇ ಸಲ ಹೇಳಿದಳು. ಆಮೇಲೆ ನನ್ನ ಜೊತೆ ಮಾತಿಲ್ಲ.

ಏಪ್ರಿಲ್ 17, ಬುಧವಾರ

ಊಟದ ಮೇಜಿನ ಮೇಲೆ ಎರಡು ಫೋನು ಅಕ್ಕಪಕ್ಕ ಇಟ್ಟಳು. ಮಾವನದರಲ್ಲಿ ನನಗೆ ಮಾಡಿದ್ದು: 9:41, 9:43, 9:44, 9:47, 9:52. ನನ್ನದರಲ್ಲಿ 8:10, ಆಮೇಲೆ 10:50. ನಡುವೆ ಏನೂ ಇಲ್ಲ.

"ರಿಂಗ್ ಆಗ್ಲಿಲ್ಲ ರೇಖಾ. ನಿಜವಾಗ್ಲೂ."

"ನಂದು ಹೆಂಗ ಆತು ಹಂಗಾರ? ಒಂದ ರಿಂಗಿಗೆ ಎತ್ತಿದಿ."

ಫೋನು ಕೈಗೆತ್ತಿಕೊಂಡಿದ್ದೆ, ಎಚ್ಚರವಾಗಿತ್ತು, ಅದಕ್ಕೇ — ಇದನ್ನು ಹೇಳಲು ಹೊರಟರೆ ಮಾರ್ಚ್ 8ರವರೆಗೆ ಹೋಗಬೇಕು.

ಕಾಲೇಜಿನಿಂದ ಬಂದಿರುವ ಆಶ್ರಿತಾ ಮೆಟ್ಟಿಲ ಮೇಲೆ ಕೂತಿದ್ದಳು. ಅಜ್ಜನ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. "ಡ್ಯಾಡ್, ಡಿಡ್ ಯು ಡಿಲೀಟ್ ದೆಮ್?"

ನನ್ನ ಮಗಳು ಕೇಳಿದ್ದು.

ಆಸ್ಪತ್ರೆಯವರು ಮಾವನ ಬಟ್ಟೆಗಳನ್ನು ಒಂದು ಬಿಳಿ ಚೀಲದಲ್ಲಿ ಹಾಕಿ ಕೊಟ್ಟಿದ್ದಾರೆ. ಗಂಟು ಬಿಚ್ಚಿಲ್ಲ. ಅವರ ಕೋಣೆಯ ಕುರ್ಚಿಯ ಮೇಲಿದೆ.

ಏಪ್ರಿಲ್ 23, ಮಂಗಳವಾರ. ಸ್ಯಾನ್ ಡಿಯೇಗೊ

ಯಾರಿಗೂ ಹೇಳದೇ ಇರುವುದನ್ನು ಇಲ್ಲಿ ಬರೆಯುತ್ತೇನೆ.

9ರಂದು ರೇಖಾ ಫೋನಿಟ್ಟದ್ದು 10:52. ಆಫೀಸಿನಿಂದ ನಾನು ಹೊರಟದ್ದು 10:59. ನಡುವಿನ ಏಳು ನಿಮಿಷ ಕೇಬಲ್ ಹಾಕಿ ಫೋನಿನ ಲಾಗ್ ಎಳೆದುಕೊಂಡೆ. ಮಲಗಿದ್ದು, ಎದ್ದದ್ದು, ಎಲ್ಲವನ್ನೂ ಚಿಪ್ಪು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಆದರೆ ಜಾಗ ಕಡಿಮೆ. ಮ್ಯಾಪ್ ಹಾಕಿಕೊಂಡು ಅರ್ಧ ಗಂಟೆ ಡ್ರೈವ್ ಮಾಡಿದರೆ ಹಳೆಯದರ ಮೇಲೆ ಹೊಸದು ಬಂದುಬಿಡುತ್ತದೆ. ಐದು ಸಲ ಅಂತ ಅವಳು ಕಿರುಚಿದ ಕೂಡಲೇ, ಖಾಲಿ ಪರದೆ ನೋಡಿದ ಕೂಡಲೇ, ಇದು ಅದೇ ಬಗ್ ಅಂತ ಗೊತ್ತಾಯಿತು. ಕೈ ತಾನಾಗಿ ಕೇಬಲ್ಲಿಗೆ ಹೋಯಿತು. ಮಾವ ನೆಲದ ಮೇಲೆ ಬಿದ್ದಿದ್ದರು ಅಂತ ಕೇಳಿಯೂ ಕೂತು, ಪರದೆಯಲ್ಲಿ ಹಸಿರು ಪಟ್ಟಿ ತುಂಬುವುದನ್ನು ನೋಡಿದೆ.

ಆಸ್ಪತ್ರೆ ಮುಟ್ಟಿದ್ದು ನಾಲ್ಕು ನಿಮಿಷ ತಡವಾಗಿ. ಏಳು ನಿಮಿಷ ಇಲ್ಲಿ ಕಳೆದಿದ್ದೆ.

ಇವತ್ತು ಫೈಲು ತೆರೆದೆ. ಅಷ್ಟು ಸ್ಪಷ್ಟವಾದ ಲಾಗ್ ಈ ಬಗ್ಗಿಗೆ ಯಾರ ಹತ್ತಿರವೂ ಇಲ್ಲ. ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ದರೆ ಚಿಪ್ಪಿನ ನಿದ್ದೆಯ ಗಡಿಯಾರ ಹಿಂದೆ ಬೀಳುತ್ತದೆ. ಆಮೇಲೆ ಯಾರಾದರೂ ಕೈಗೆತ್ತಿಕೊಳ್ಳುವವರೆಗೂ ಬಂದ ಕಾಲೆಲ್ಲ ತಪ್ಪುತ್ತದೆ. ಲ್ಯಾಬಿನಲ್ಲಿ ಫೋನನ್ನು ಇಪ್ಪತ್ತು ನಿಮಿಷ ಸುಮ್ಮನೆ ಬಿಡುವುದು ತೀರಾ ಅಪರೂಪ. ಇನ್ನು ಕೇಬಲ್ಲು… ಕೇಬಲ್ ಹಾಕಿದ್ದರೆ ಗಾಢ ನಿದ್ದೆಗೆ ಹೋಗಬೇಡ ಅಂತ ಕೋಡಿನಲ್ಲಿ ಮೂರು ಸಾಲು ಇವೆ. ಯಾರು ಬರೆದದ್ದು ಅಂತ ಹುಡುಕಿದೆ. ನಾನೇ. ಜೂನ್ 2020, ಗ್ಯಾರೇಜಿನಲ್ಲಿ, ಪದೇ ಪದೇ ಮಲಗಿ ಕಿರಿಕಿರಿ ಮಾಡುತ್ತದೆ ಅಂತ.

ಮಾವ ಹೇಳಿದ್ದರು. ಅದೇ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಹೇಳಿದ್ದರು. ನಕ್ಕಿದ್ದೆ.

ಏಪ್ರಿಲ್ 26, ಶುಕ್ರವಾರ

ಬಗ್ ಮತ್ತೆ ಓಪನ್ ಮಾಡಿದೆ. ಫಿಕ್ಸು ಎರಡೇ ಸಾಲು. ಲಾಗ್ ಎಲ್ಲಿ ಸಿಕ್ಕಿತು ಅಂತ ಫಾರ್ಮು ಕೇಳುತ್ತದೆ. ಸಂದೀಪನ ಹತ್ತಿರ ಹೋಗಿ ಎಲ್ಲ ಹೇಳಿದೆ, ಏಳು ನಿಮಿಷ ಬಿಟ್ಟು.

"ಅಯ್ಯೋ ಮಾರಾಯ…" ಆಮೇಲೆ ಮ್ಯಾನೇಜರ್ ಆದ. "ಮನೆ ವಿಷ್ಯ ಬರೀಬೇಡ. 'ಫೀಲ್ಡ್ ಲಾಗ್' ಅಂತ ಹಾಕು, ಸಾಕು."

ಹಾಕಿದೆ. ಸಂಜೆ ಟೀಮಿಗೆಲ್ಲ ಮೇಲ್ ಬಂತು, ದೊಡ್ಡ ಬಾಸಿನಿಂದ — ಗ್ರೇಟ್ ಕ್ಯಾಚ್, ಜಯಂತ್. ಹನ್ನೊಂದು ಜನ ಮೆಚ್ಚುಗೆಯ ಹೆಬ್ಬೆರಳು ಒತ್ತಿದ್ದಾರೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಜೂನಿನಲ್ಲಿ ಫಿಕ್ಸು ಎಲ್ಲರ ಫೋನಿಗೂ ಹೋಗುತ್ತದೆ. ನನ್ನ ಫೋನಿಗೆ ಇವತ್ತೇ ಹಾಕಬಹುದಿತ್ತು. ಹಾಕಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಕಾಲ್ ಲಿಸ್ಟಿನಲ್ಲಿ ಮಾವ, 8:10, ಮಾವ, 8:10, ಮಾವ, 8:10… ಕೈ ಬರಲಿಲ್ಲ.

ಏಪ್ರಿಲ್ 29, ಸೋಮವಾರ

8:10ಕ್ಕೆ ಫೋನ್ ರಿಂಗ್ ಆಯಿತು. ಪರದೆಯ ಮೇಲೆ "ಮಾವ".

ಎತ್ತಿದೆ. ಆ ಕಡೆ ಕಾರಿನ ಎ.ಸಿ. ಸದ್ದು, ಉಸಿರು.

"ರೇಖಾ?"

ಇಟ್ಟಳು.

ಮೇ 3, ಶುಕ್ರವಾರ

ದಿನಾ 8:10ಕ್ಕೆ. ಮಾವನ ಫೋನಿನಿಂದ, ಫಾರ್ಮಸಿಯ ಪಾರ್ಕಿಂಗಿನಲ್ಲಿ ಕೂತು. ನಾನು ಹಲೋ ಅನ್ನುತ್ತೇನೆ, ಅವಳು ಇಡುತ್ತಾಳೆ. ನಾನು ಎತ್ತುತ್ತೇನೋ ಇಲ್ಲವೋ ನೋಡುತ್ತಿದ್ದಾಳೆ. ದಿನಾ ಎತ್ತುತ್ತಿದ್ದೇನೆ. ಎತ್ತಿದಷ್ಟೂ ಅವತ್ತು ಎತ್ತಲಿಲ್ಲ ಅನ್ನುವುದು ಗಟ್ಟಿಯಾಗುತ್ತದೆ.

ಮೇ 7, ಮಂಗಳವಾರ

7:40ಕ್ಕೆ ಫೋನು ಮೇಜಿನ ಮೇಲಿಟ್ಟು ಕೂತೆ. 8:10 ಆಯಿತು. ಬರಲಿಲ್ಲ. ಸಾಕಾಗಿರಬೇಕು ಅವಳಿಗೆ ಅಂದುಕೊಂಡೆ. ವಯಸ್ಸು ನಲವತ್ತು ದಾಟಿದ ಮೇಲೆ ಹೆಂಡತಿ ಮಾತಾಡದೆ ಇಡುವ ಫೋನಿಗೂ ಕಾಯುವಂತಾಯಿತು.

ಸಂಜೆ ಒಂದು ಫೋಟೋ ಕಳಿಸಿದಳು. ಮಾವನ ನೋಟ್‌ಬುಕ್ಕು. ಬಿಳಿ ಚೀಲ ಬಿಚ್ಚಿದ್ದಾಳೆ. ಖಾಲಿ ಪುಟದಲ್ಲಿ ಅವಳ ಕೈಬರಹ: "ಮೇ 7, 8:10. ಉತ್ತರ ಇಲ್ಲ." ಕೆಳಗೆ ಮೆಸೇಜು — ರಿಂಗ್ ಆಗ್ಲಿಲ್ಲ, ಹೌದಿಲ್ಲೋ?

ಆಗ್ಲಿಲ್ಲ, ಅಂತ ಹಾಕಿದೆ.

ಹತ್ತು ನಿಮಿಷ ಏನೂ ಇಲ್ಲ. ನಂಬಿದಳು ಅಂದುಕೊಂಡೆ. ಎದೆ ಹಗುರವಾಯಿತು, ನಿಜವಾಗಿ ಆಯಿತು.

ಆಮೇಲೆ ಎರಡನೇ ಫೋಟೋ. ಹಿಂದಿನ ಪುಟಗಳು. ಮಾವನ ದುಂಡಗಿನ ಅಕ್ಷರ. "ಫೆ. 15. ಉತ್ತರ ಇಲ್ಲ, ಎರಡು ಸಲ. ಅಳಿಯಂದ್ರಿಗೆ ತಿಳಿಸಿದೆ." "ಮಾ. 12. ಉತ್ತರ ಇಲ್ಲ. ಅಳಿಯಂದ್ರಿಗೆ ತಿಳಿಸಿದೆ. ನೋಡ್ತೀನಿ ಅಂದ್ರು." ಹೀಗೆ ಒಂಬತ್ತು.

ಮೆಸೇಜಿಲ್ಲ.

ಮೇ 11, ಶನಿವಾರ. ಪೋರ್ಟರ್ ರ್ಯಾಂಚ್. ಸಂಜೆ 5:30

ನೋಟ್‌ಬುಕ್ಕು ಮೇಜಿನ ಮೇಲಿಟ್ಟು ರೇಖಾ ಕಾಯುತ್ತಿದ್ದಳು. ಏಪ್ರಿಲ್ 9ರ ಪುಟ ತೆರೆದಿತ್ತು.

8:10. ಕ್ಲಿಯರ್.
9:41. ಉತ್ತರ ಇಲ್ಲ.
9:43. ಉತ್ತರ ಇಲ್ಲ.
9:44. ಉತ್ತರ ಇ
9:47.

ಅಡುಗೆಮನೆಯ ನೆಲದ ಮೇಲೆ ಬಿದ್ದುಕೊಂಡು ಬರೆದಿದ್ದಾರೆ. 9:52ನ್ನು ಬರೆಯಲು ಆಗಲಿಲ್ಲ.

"ಅಪ್ಪ ಸುಳ್ಳು ಬರಿಯಂಗಿಲ್ಲ," ಅಂದಳು. "ಫೋನ್ ಆಗಿಲ್ಲ, ಒಪ್ಪಿದೆ. ನಿನಗ ಗೊತ್ತಿತ್ತೇನು?"

ಹೇಳಿದೆ. ಬಗ್ಗು, ಕೇಬಲ್ಲು, ಗ್ಯಾರೇಜಿನಲ್ಲಿ ಮಾವ ಅಂದದ್ದು, ನಾನು ನಕ್ಕದ್ದು, ನಿನಗೆ ಆಗಿದೆಯಾ ಅಂತ ಸಂದೀಪ ಕೇಳಿದಾಗ ಇಲ್ಲ ಅಂದದ್ದು, ಮಾರ್ಚ್ 8. 911 ಬೇಡ ಅಂದವನೂ ನಾನೇ, ಅದನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎದ್ದು ಹೋಗಿ ಚಹಾ ಇಟ್ಟಳು. ಎರಡು ಕಪ್ಪು ತಂದಳು. ಒಂದು ತಿಂಗಳ ಮೇಲೆ ನನಗೂ ಒಂದು ಕಪ್ಪು. ಕೈಯಲ್ಲಿ ಹಿಡಿದುಕೊಂಡು ಕೂತೆ, ಕುಡಿಯಲಿಲ್ಲ.

"ಇಷ್ಟನ?" ಅಂದಳು.

"ಇಷ್ಟೇ."

ತಲೆ ಆಡಿಸಿದಳು. ನೋಟ್‌ಬುಕ್ಕಿನ ಪುಟ ಸವರಿದಳು. ಸುಮ್ಮನೆ ಕೇಳುವ ಹಾಗೆ, ಮೆತ್ತಗೆ: "ನಾಲ್ಕು ನಿಮಿಷ ಮೊದ್ಲ ಬಂದಿದ್ರ ಅಪ್ಪ ನಿನ್ನ ನೋಡ್ತಿದ್ರು. ಅವತ್ತು ದಾರ್‍ಯಾಗ ಟ್ರಾಫಿಕ್ ಭಾಳ ಇತ್ತೇನು?"

ಮೇಲೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವಳು ಇನ್ನೂ ಕೆಳಗೇ ಕೂತಿದ್ದಾಳೆ, ಉತ್ತರಕ್ಕೆ. ಒಂದು ನಿಮಿಷ ಅಂತ ಹೇಳಿ ಬಂದೆ. ಈಗ ಇಳಿದು ಹೋಗಿ ಹೇಳಬೇಕಾದ್ದು ಆ ಏಳು ನಿಮಿಷ —